ಬೀದಿಯಲ್ಲಿ ಅಲೆಯುವವರ ರೀಲ್ಸ್ ಮಾಡುವ ಮುನ್ನ: ಒಂದು ನಿಮಿಷದ ವಿಡಿಯೊ ಏನು ಕಲಿಸುತ್ತೆ, ಏನು ಕೆಡಿಸುತ್ತೆ?

ಬಳ್ಳಾರಿ: ಬಸ್ ಸ್ಟ್ಯಾಂಡ್, ಎಪಿಎಂಸಿ ಗೇಟ್, ರೈಲ್ವೆ ಸ್ಟೇಷನ್ ರಸ್ತೆ, ದೇವಸ್ಥಾನದ ಕಟ್ಟೆ. ಜಿಲ್ಲೆಯ ಯಾವ ತಾಲೂಕಿಗೆ ಹೋದರೂ ಇಂಥ ಜಾಗದಲ್ಲಿ ಒಬ್ಬರಾದರೂ ಕಣ್ಣಿಗೆ ಬೀಳುತ್ತಾರೆ. ಜಡೆಗಟ್ಟಿದ ಕೂದಲು, ಸುಡು ಬಿಸಿಲಲ್ಲೂ ಮೈಮೇಲೆ ಎರಡು ಮೂರು ಅಂಗಿ, ಕಂಕುಳಲ್ಲಿ ಒಂದು ಗಂಟು, ತಮ್ಮಷ್ಟಕ್ಕೆ ತಾವೇ ಮಾತು. ಒಗ್ಗರಣಿ-ಮಿರ್ಚಿ ಬಂಡಿಯವರು ಒಂದು ಪ್ಲೇಟ್ ಕೊಡುತ್ತಾರೆ, ಚಹಾದ ಅಂಗಡಿಯವರು ಒಂದು ಕಪ್ ಕೊಡುತ್ತಾರೆ, ಇನ್ನೊಬ್ಬರು ನೀರು ಚೆಲ್ಲಿ ಓಡಿಸುತ್ತಾರೆ. ಅವರ ಹೆಸರು ಯಾರಿಗೂ ಗೊತ್ತಿರುವುದಿಲ್ಲ. "ಅವನು ಹುಚ್ಚ ಬಿಡ್ರಿ" ಅನ್ನುವುದರಲ್ಲಿ ಮಾತು ಮುಗಿಯುತ್ತದೆ.

ಈಗ ಇದಕ್ಕೆ ಮೊಬೈಲ್ ಕ್ಯಾಮೆರಾ ಸೇರಿಕೊಂಡಿದೆ. ಕೆಲವರು ತಮಾಷೆಗೆ ವಿಡಿಯೊ ಮಾಡಿ ಸ್ಟೇಟಸ್‌ಗೆ ಹಾಕುತ್ತಾರೆ. ಕೆಲವರು ಸ್ನಾನ ಮಾಡಿಸಿ, ಕ್ಷೌರ ಮಾಡಿಸಿ, ಹಿಂದೆ ಹಾಡು ಹಾಕಿ ರೀಲ್ಸ್ ಬಿಡುತ್ತಾರೆ. ಇನ್ನು ಕೆಲವರು "ಇವರ ಮನೆಯವರು ಸಿಗೋವರೆಗೂ ಶೇರ್ ಮಾಡಿ" ಎಂದು ಎಲ್ಲ ಗ್ರೂಪಿಗೂ ಕಳಿಸುತ್ತಾರೆ. ಮೂರೂ ಒಂದೇ ಅಲ್ಲ. ಒಂದು ನಿಮಿಷದ ವಿಡಿಯೊದಿಂದ ಒಂದು ಜೀವ ಆಸ್ಪತ್ರೆ ಸೇರಬಹುದು, ಅದೇ ಒಂದು ನಿಮಿಷದಿಂದ ಜೀವವೇ ಹೋಗಬಹುದು. ಎರಡಕ್ಕೂ ಉದಾಹರಣೆ ಇದೆ.

ಜಾಗೃತಿ ವಿಡಿಯೊ ಕತ್ತರಿಸಿದಾಗ ಆದದ್ದು

2018ರಲ್ಲಿ ದೇಶದ ತುಂಬಾ ಓಡಾಡಿದ ಒಂದು ವಿಡಿಯೊ ಹಲವರಿಗೆ ಇನ್ನೂ ನೆನಪಿರಬಹುದು. ಬೈಕಿನಲ್ಲಿ ಬಂದ ಇಬ್ಬರು, ರಸ್ತೆಯಲ್ಲಿ ಆಡುತ್ತಿದ್ದ ಮಗುವನ್ನು ಎತ್ತಿಕೊಂಡು ಹೋಗುತ್ತಾರೆ. "ಮಕ್ಕಳ ಕಳ್ಳರು ಬಂದವ್ರೆ" ಎಂಬ ಧ್ವನಿ ಸಂದೇಶದ ಜೊತೆ ಇದು ಕನ್ನಡ, ತೆಲುಗು, ತಮಿಳು, ಹಿಂದಿ ಎಲ್ಲ ಗ್ರೂಪಿನಲ್ಲೂ ಹರಿದಾಡಿತು.

ಅಸಲಿಗೆ ಅದು ಪಾಕಿಸ್ತಾನದ ಕರಾಚಿಯಲ್ಲಿ ಮಕ್ಕಳ ಸುರಕ್ಷತೆಗಾಗಿ ಮಾಡಿದ ಜಾಗೃತಿ ವಿಡಿಯೊ. ಮೂಲ ವಿಡಿಯೊದ ಕೊನೆಯಲ್ಲಿ ಬೈಕಿನವರು ಮಗುವನ್ನು ವಾಪಸ್ ತಂದು ಬಿಟ್ಟು, ಎಚ್ಚರಿಕೆಯ ಫಲಕ ತೋರಿಸುತ್ತಾರೆ. ಯಾರೋ ಆ ಕೊನೆಯ ಭಾಗ ಕತ್ತರಿಸಿದರು. ಉಳಿದ ತುಣುಕು ಭಯವನ್ನಷ್ಟೇ ಹಂಚಿತು.

ಆ ವರ್ಷ ಊರಿಗೆ ಹೊಸಬರು, ಭಾಷೆ ಬಾರದವರು, ಅಲೆಮಾರಿಗಳು, ಮಾನಸಿಕ ಕಾಯಿಲೆ ಇದ್ದವರು ಹಲವು ರಾಜ್ಯಗಳಲ್ಲಿ ಗುಂಪಿನ ಏಟು ತಿಂದರು. ಬೆಂಗಳೂರಿನ ಚಾಮರಾಜಪೇಟೆಯಲ್ಲಿ ಮೇ ತಿಂಗಳಲ್ಲಿ ಒಬ್ಬರು ಸತ್ತರು. ಬೀದರ್ ಜಿಲ್ಲೆ ಔರಾದ್ ತಾಲೂಕಿನ ಮುರ್ಕಿಯಲ್ಲಿ ಜುಲೈ 13ರಂದು ಹೈದರಾಬಾದಿನ ಒಬ್ಬ ಎಂಜಿನಿಯರ್ ಸತ್ತರು. ಅದೇ ತಿಂಗಳು ವಾಟ್ಸ್ಆ್ಯಪ್ ಸಂಸ್ಥೆ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ 5 ಕಡೆಗಿಂತ ಹೆಚ್ಚು ಫಾರ್ವರ್ಡ್ ಮಾಡದಂತೆ ಮಿತಿ ಹಾಕುವುದಾಗಿ ಹೇಳಿತು.

ಬೀದಿಯಲ್ಲಿ ಅಲೆಯುವವರಿಗೆ ಇದು ನೇರವಾಗಿ ಸಂಬಂಧಿಸಿದ್ದು. ಮಾನಸಿಕ ಕಾಯಿಲೆ ಇರುವ ವ್ಯಕ್ತಿಗೆ "ನೀನ್ಯಾರು, ಯಾವೂರು?" ಎಂದು ಗದರಿಸಿ ಕೇಳಿದರೆ ಉತ್ತರ ಬರುವುದಿಲ್ಲ. ಹೆದರಿ ಓಡುತ್ತಾರೆ, ಇಲ್ಲವೇ ಸಂಬಂಧವಿಲ್ಲದ ಮಾತಾಡುತ್ತಾರೆ. ಅನುಮಾನದಿಂದ ನೋಡುವ ಗುಂಪಿಗೆ ಅದೇ ಸಾಕ್ಷಿ ಆಗಿಬಿಡುತ್ತದೆ. ಆದ್ದರಿಂದ ಗುರುತಿಲ್ಲದ ವ್ಯಕ್ತಿಯ ಮುಖ ತೋರಿಸಿ "ಅನುಮಾನಾಸ್ಪದ ವ್ಯಕ್ತಿ, ಹುಷಾರ್" ಎಂದು ಬರೆದು ಗ್ರೂಪಿಗೆ ಹಾಕುವುದು ಸಣ್ಣ ವಿಷಯವಲ್ಲ.

ಬೀದಿಗೆ ಬರುವುದು ಹೇಗೆ?

"ಮನೆಯವರೇ ಹೊರಗೆ ಹಾಕಿರ್ತಾರೆ" ಅನ್ನುವುದು ಸಾಮಾನ್ಯ ಮಾತು. ಹಾಗೆ ಆಗುವುದೂ ಉಂಟು. ಆದರೆ ಮನೆಯವರು ವರ್ಷಗಟ್ಟಲೆ ಹುಡುಕುತ್ತಿರುವ ಪ್ರಕರಣಗಳೂ ಬಹಳ.

ಸ್ಕಿಜೋಫ್ರೇನಿಯಾದಂಥ ತೀವ್ರ ಕಾಯಿಲೆಯಲ್ಲಿ ಇಲ್ಲದ ಧ್ವನಿ ಕೇಳಿಸುತ್ತದೆ, ಯಾರೋ ಕೊಲ್ಲಲು ಬರುತ್ತಿದ್ದಾರೆ ಎಂಬ ಬಲವಾದ ನಂಬಿಕೆ ಹುಟ್ಟುತ್ತದೆ. ಹೆದರಿದವರು ಮನೆ ಬಿಟ್ಟು ಸಿಕ್ಕ ರೈಲು ಹತ್ತುತ್ತಾರೆ. ಎಲ್ಲೋ ಇಳಿಯುತ್ತಾರೆ. ಅಲ್ಲಿ ಭಾಷೆ ಬೇರೆ, ಕೈಯಲ್ಲಿ ದುಡ್ಡಿಲ್ಲ, ಔಷಧಿ ಇಲ್ಲ. ಕಾಯಿಲೆ ಇನ್ನೂ ಏರುತ್ತದೆ. ಒಡಿಶಾ, ಬಿಹಾರ, ಬಂಗಾಳದವರು ದಕ್ಷಿಣದಲ್ಲೂ, ಕರ್ನಾಟಕ, ಆಂಧ್ರದವರು ಮುಂಬೈ ಕಡೆಯಲ್ಲೂ ಸಿಗುವುದು ಹೀಗೆ.

ತಿರುಗಿಯೂ ನಡೆಯುತ್ತದೆ. ಬಡತನ, ಮನೆ ಜಗಳ, ಕುಡಿತ, ದುಡಿಮೆ ಹೋದದ್ದರಿಂದ ಮೊದಲು ಬೀದಿಗೆ ಬಂದವರಿಗೆ ನಿದ್ದೆ, ಊಟ, ಭದ್ರತೆ ಇಲ್ಲದೆ ಆಮೇಲೆ ಮನಸ್ಸು ಕೆಡುತ್ತದೆ. ಹೆಣ್ಣುಮಕ್ಕಳಿಗೆ ಇದರ ಮೇಲೆ ಲೈಂಗಿಕ ದೌರ್ಜನ್ಯದ ಅಪಾಯ.

ಲೆಕ್ಕ ನೋಡಿದರೆ ಇದು ಅಪರೂಪದ ಸಂಗತಿಯಲ್ಲ. ನಿಮ್ಹಾನ್ಸ್ ನೇತೃತ್ವದಲ್ಲಿ 2015–16ರಲ್ಲಿ ನಡೆದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ಪ್ರಕಾರ ದೇಶದ ವಯಸ್ಕರಲ್ಲಿ ಶೇ 10.6ರಷ್ಟು ಮಂದಿಗೆ ಒಂದಲ್ಲ ಒಂದು ಮಾನಸಿಕ ತೊಂದರೆ ಇತ್ತು. ಕಾಯಿಲೆಗೆ ತಕ್ಕಂತೆ ಶೇ 70ರಿಂದ 92ರಷ್ಟು ಮಂದಿಗೆ ಚಿಕಿತ್ಸೆ ಸಿಕ್ಕಿರಲಿಲ್ಲ. ಇನ್ನು 2011ರ ಜನಗಣತಿಯಲ್ಲಿ ಮನೆಯೇ ಇಲ್ಲದವರು ಎಂದು ಎಣಿಕೆಯಾದವರು ಸುಮಾರು 17.7 ಲಕ್ಷ.

ಇವರಲ್ಲಿ ಚೇತರಿಸಿಕೊಂಡವರು ಇದ್ದಾರೆಯೇ ಎಂದರೆ, ಸಾವಿರಾರು ಮಂದಿ ಇದ್ದಾರೆ. ಮುಂಬೈನ ಮನೋವೈದ್ಯ ಡಾ. ಭರತ್ ವಾಟ್ವಾನಿ ಮತ್ತು ಅವರ ಪತ್ನಿ ಡಾ. ಸ್ಮಿತಾ ಒಂದು ದಿನ ರಸ್ತೆ ಬದಿಯಲ್ಲಿ ತೆಂಗಿನ ಚಿಪ್ಪಿನಿಂದ ಚರಂಡಿ ನೀರು ಎತ್ತಿ ಕುಡಿಯುತ್ತಿದ್ದ ಯುವಕನನ್ನು ಕಂಡರು. ಕರೆತಂದು ಚಿಕಿತ್ಸೆ ಕೊಟ್ಟಾಗ ಗೊತ್ತಾಯಿತು, ಆತ ಆಂಧ್ರದ ಒಬ್ಬ ಪದವೀಧರ. ಅಲ್ಲಿಂದ ಶುರುವಾದ ಶ್ರದ್ಧಾ ಪುನರ್ವಸತಿ ಸಂಸ್ಥೆ ಸಾವಿರಾರು ಮಂದಿಯನ್ನು ಗುಣಪಡಿಸಿ ಅವರವರ ಊರಿಗೆ ಮುಟ್ಟಿಸಿದೆ. ಈ ಕೆಲಸಕ್ಕೆ ಡಾ. ವಾಟ್ವಾನಿ ಅವರಿಗೆ 2018ರಲ್ಲಿ ರಾಮನ್ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಚೆನ್ನೈನಲ್ಲಿ 1993ರಲ್ಲಿ ಶುರುವಾದ ದಿ ಬ್ಯಾನಿಯನ್ ಸಂಸ್ಥೆ ಬೀದಿಗೆ ಬಿದ್ದ ಹೆಣ್ಣುಮಕ್ಕಳಿಗಾಗಿ ಇಂಥದ್ದೇ ಕೆಲಸ ಮಾಡುತ್ತಾ ಬಂದಿದೆ.

ವಿಡಿಯೊ ನೋಡಿದರೆ ಮನಸ್ಸು ಬದಲಾಗುತ್ತಾ?

ಬದಲಾಗುತ್ತದೆ, ಆದರೆ ಎಲ್ಲ ವಿಡಿಯೊದಿಂದಲ್ಲ. ಈ ಬಗ್ಗೆ ನಡೆದ ಸಂಶೋಧನೆಗಳಲ್ಲಿ ಮತ್ತೆ ಮತ್ತೆ ಕಂಡ ಒಂದು ಅಂಶ ಇದೆ. ಕಾಯಿಲೆ ಅನುಭವಿಸಿ ಚೇತರಿಸಿಕೊಂಡವರು ತಾವೇ ಮಾತಾಡಿದಾಗ ಕೇಳಿದವರ ಭಯ, ತಾತ್ಸಾರ ಕಡಿಮೆಯಾಗುತ್ತದೆ. ವಯಸ್ಕರಿಗೆ ಬರೀ ಮಾಹಿತಿ ಹೇಳುವುದಕ್ಕಿಂತ ಇದು ಹೆಚ್ಚು ನಾಟುತ್ತದೆ. ಎದುರಿಗೆ ಕೂತು ಮಾತಾಡುವುದು ಎಲ್ಲಕ್ಕಿಂತ ಒಳ್ಳೆಯದು. ಅದು ಆಗದ ಕಡೆ ವಿಡಿಯೊ ಕೆಲಸಕ್ಕೆ ಬರುತ್ತದೆ. ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದ ಸಂಶೋಧಕರು ಒಂದೆರಡು ನಿಮಿಷದ ಇಂಥ ವಿಡಿಯೊಗಳನ್ನು ಯುವಜನರಿಗೆ ತೋರಿಸಿ ಪರೀಕ್ಷಿಸಿದಾಗಲೂ ಪೂರ್ವಗ್ರಹ ಕಡಿಮೆಯಾದದ್ದು ಕಂಡುಬಂತು.

ನಮ್ಮ ಪಕ್ಕದ ಆಂಧ್ರದ ಪಶ್ಚಿಮ ಗೋದಾವರಿ ಜಿಲ್ಲೆಯ ಹಳ್ಳಿಗಳಲ್ಲಿ ಜಾರ್ಜ್ ಇನ್‌ಸ್ಟಿಟ್ಯೂಟ್ ಸಂಸ್ಥೆ ಇದನ್ನು ಹಳ್ಳಿಯ ರೀತಿಯಲ್ಲೇ ಮಾಡಿತು. ಕರಪತ್ರ, ನಾಟಕ, ಜೊತೆಗೆ ಮಾನಸಿಕ ತೊಂದರೆ ಅನುಭವಿಸಿದವರು ಮಾತಾಡಿದ ವಿಡಿಯೊ.

ಮನೆ ಇಲ್ಲದವರ ವಿಷಯದಲ್ಲಿ ಅಮೆರಿಕದ ಮಾರ್ಕ್ ಹಾರ್ವತ್ ಹೆಸರು ಹೇಳಬೇಕು. ಟಿವಿ ಉದ್ಯಮದಲ್ಲಿದ್ದ ಆತ ಲಾಸ್ ಏಂಜಲೀಸ್‌ನಲ್ಲಿ ಒಂದು ಕಾಲಕ್ಕೆ ತಾನೇ ಬೀದಿಗೆ ಬಿದ್ದವರು. 2008ರಲ್ಲಿ ಸಣ್ಣ ಕ್ಯಾಮೆರಾ ಹಿಡಿದು ಬೀದಿಯಲ್ಲಿರುವವರನ್ನು ಮಾತಾಡಿಸಿ, ಆ ವಿಡಿಯೊಗಳನ್ನು 'ಇನ್‌ವಿಸಿಬಲ್ ಪೀಪಲ್' ಹೆಸರಿನಲ್ಲಿ ಹಾಕತೊಡಗಿದರು. ಅವರ ವಿಡಿಯೊಗಳಲ್ಲಿ ಮಾತು ಬೀದಿಯಲ್ಲಿರುವವರದೇ. ಕ್ಯಾಮೆರಾ ಹಿಡಿದವರು ತಮ್ಮ ದಾನವನ್ನು ತೋರಿಸಿಕೊಳ್ಳುವುದಿಲ್ಲ.

ಸ್ನಾನ ಮಾಡಿಸುವ ರೀಲ್ಸ್‌ಗೂ ಇದಕ್ಕೂ ವ್ಯತ್ಯಾಸ ಇರುವುದು ಇಲ್ಲೇ. ಸ್ನಾನ, ಕ್ಷೌರ, ಹೊಸ ಬಟ್ಟೆ, ಅಲ್ಲಿಗೆ ವಿಡಿಯೊ ಮುಗಿಯುತ್ತದೆ. ನೋಡಿದವರು "ಸರಿಹೋದ್ರು" ಅಂದುಕೊಳ್ಳುತ್ತಾರೆ. ಕೂದಲು ತೆಗೆದರೆ ಸ್ಕಿಜೋಫ್ರೇನಿಯಾ ಹೋಗುವುದಿಲ್ಲ. ವೈದ್ಯರು, ಔಷಧಿ, ಮುಂದಿನ ದಿನಗಳ ಆಸರೆ ಇಲ್ಲದಿದ್ದರೆ ಅದೇ ವ್ಯಕ್ತಿ ಕೆಲವೇ ದಿನದಲ್ಲಿ ಅದೇ ಕಟ್ಟೆ ಮೇಲೆ ಇರುತ್ತಾರೆ. ಮೇಲಾಗಿ, ಒಪ್ಪಿಗೆ ಇಲ್ಲದೆ ಹಿಡಿದು ತಲೆ ಬೋಳಿಸುವುದು ಆ ವ್ಯಕ್ತಿಗೆ ಹಲ್ಲೆಯಂತೆಯೇ ಕಾಣುತ್ತದೆ.

ಕಾನೂನು ಏನು ಹೇಳುತ್ತೆ?

2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಲ್ಲಿ ಬೀದಿಯಲ್ಲಿ ಅಲೆಯುವವರ ಬಗ್ಗೆ ಸ್ಪಷ್ಟವಾಗಿ ಬರೆದಿದೆ. ಅಂಗಡಿಯವರು ಇದನ್ನು ತಿಳಿದಿದ್ದರೆ ಠಾಣೆಯಲ್ಲಿ ಧೈರ್ಯವಾಗಿ ಮಾತಾಡಬಹುದು.

ಒಂದು: ಠಾಣಾ ವ್ಯಾಪ್ತಿಯಲ್ಲಿ ಅಲೆಯುತ್ತಿರುವ ವ್ಯಕ್ತಿಗೆ ಮಾನಸಿಕ ಕಾಯಿಲೆ ಇದೆ, ತನ್ನನ್ನು ತಾನು ನೋಡಿಕೊಳ್ಳಲು ಆಗುತ್ತಿಲ್ಲ ಎಂದು ಕಂಡುಬಂದರೆ ಅವರನ್ನು ರಕ್ಷಣೆಗೆ ತೆಗೆದುಕೊಳ್ಳುವುದು ಠಾಣಾಧಿಕಾರಿಯ ಕರ್ತವ್ಯ (ಕಲಂ 100). ಇದು ಬಂಧನವಲ್ಲ, ರಕ್ಷಣೆ.

ಎರಡು: 24 ಗಂಟೆಯೊಳಗೆ ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಕರೆದೊಯ್ದು ತಪಾಸಣೆ ಮಾಡಿಸಬೇಕು. ಲಾಕಪ್ಪಿನಲ್ಲಿ, ಜೈಲಿನಲ್ಲಿ ಇಡುವಂತಿಲ್ಲ.

ಮೂರು: ಮನೆ ಇಲ್ಲದವರಾದರೆ ಅಥವಾ ಬೀದಿಯಲ್ಲಿ ಅಲೆಯುತ್ತಿದ್ದರೆ ಕಾಣೆಯಾದವರು ಎಂದು ಪ್ರಕರಣ ದಾಖಲಿಸಿ, ಕುಟುಂಬವನ್ನು ಪತ್ತೆಮಾಡುವ ಹೊಣೆ ಠಾಣೆಯದು.

ನಾಲ್ಕು: ಬಿಪಿಎಲ್ ಕಾರ್ಡ್ ಇರಲಿ ಬಿಡಲಿ, ಬಡವರಿಗೆ, ನಿರ್ಗತಿಕರಿಗೆ, ಮನೆ ಇಲ್ಲದವರಿಗೆ ಸರ್ಕಾರಿ ಮಾನಸಿಕ ಆರೋಗ್ಯ ಸಂಸ್ಥೆಗಳಲ್ಲಿ ಚಿಕಿತ್ಸೆ ಉಚಿತ (ಕಲಂ 18). "ಆಧಾರ್ ಇಲ್ಲ, ಕಾರ್ಡ್ ಇಲ್ಲ" ಎಂದು ವಾಪಸ್ ಕಳಿಸುವಂತಿಲ್ಲ.

ಐದು: ಸರಪಳಿ ಹಾಕುವುದು ನಿಷಿದ್ಧ.

ಆರು: ಮಾನಸಿಕ ಆರೋಗ್ಯ ಸಂಸ್ಥೆಯಲ್ಲಿ ಚಿಕಿತ್ಸೆ ಪಡೆಯುತ್ತಿರುವವರ ಫೋಟೊ, ಮಾಹಿತಿಯನ್ನು ಅವರ ಒಪ್ಪಿಗೆ ಇಲ್ಲದೆ ಮಾಧ್ಯಮಕ್ಕೆ ಕೊಡುವಂತಿಲ್ಲ (ಕಲಂ 24). ಅಂದರೆ ವಾರ್ಡಿನಲ್ಲಿ ನಿಂತು ರೀಲ್ಸ್ ಮಾಡಿ ಎಲ್ಲರಿಗೂ ಹಂಚುವಂತಿಲ್ಲ.

ಇನ್ನೊಂದು ಮಾತು. ಅಂಗಡಿ, ಮನೆ ಕಂದಾಯದ ರಸೀದಿಯನ್ನು ಸರಿಯಾಗಿ ನೋಡಿದರೆ ಅದರಲ್ಲಿ 'ಭಿಕ್ಷುಕರ ಕರ' ಎಂಬ ಸಾಲು ಕಾಣುತ್ತದೆ. 1975ರ ಕರ್ನಾಟಕ ಭಿಕ್ಷಾಟನೆ ನಿಷೇಧ ಕಾಯ್ದೆಯಡಿ ಆಸ್ತಿ ತೆರಿಗೆಯ ಮೇಲೆ ಶೇ 3ರಂತೆ ಇದನ್ನು ವಸೂಲಿ ಮಾಡಲಾಗುತ್ತದೆ. ನಿರಾಶ್ರಿತರ ಪರಿಹಾರ ಕೇಂದ್ರಗಳು ನಡೆಯುವುದು ಈ ಹಣದಿಂದ. ಅಂದರೆ ಬೀದಿಯಲ್ಲಿರುವವರ ಆರೈಕೆಗೆ ಪ್ರತಿ ಅಂಗಡಿಯವರೂ ಈಗಾಗಲೇ ದುಡ್ಡು ಕಟ್ಟುತ್ತಿದ್ದಾರೆ, ಕೇಳುವ ಹಕ್ಕೂ ಅವರಿಗಿದೆ. ಆದರೆ ಮಾನಸಿಕ ಕಾಯಿಲೆ ಎದ್ದು ಕಾಣುತ್ತಿರುವವರನ್ನು ಮೊದಲು ಕರೆದೊಯ್ಯಬೇಕಾದ್ದು ಆಸ್ಪತ್ರೆಗೆ.

ದೇಶಕ್ಕೆ ದಾರಿ ತೋರಿದ್ದು ಬಳ್ಳಾರಿ

ಈ ವಿಷಯದಲ್ಲಿ ಜಿಲ್ಲೆಯ ಜನ ಹೆಮ್ಮೆ ಪಡುವ ಸಂಗತಿ ಒಂದಿದೆ, ಬಹಳ ಮಂದಿಗೆ ಗೊತ್ತಿಲ್ಲ. 1985ರಲ್ಲಿ ನಿಮ್ಹಾನ್ಸ್ ಒಂದು ಇಡೀ ಜಿಲ್ಲೆಗೆ ಮಾನಸಿಕ ಆರೋಗ್ಯ ಸೇವೆ ಮುಟ್ಟಿಸಲು ಆರಿಸಿಕೊಂಡದ್ದು ಅಂದಿನ ಅವಿಭಜಿತ ಬಳ್ಳಾರಿಯನ್ನು. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ, ಆರೋಗ್ಯ ಕಾರ್ಯಕರ್ತರಿಗೆ ತರಬೇತಿ ಕೊಟ್ಟು, ಮುಖ್ಯವಾದ ಕೆಲವೇ ಔಷಧಿಗಳನ್ನು ಹಳ್ಳಿ ಮಟ್ಟದಲ್ಲೇ ಸಿಗುವಂತೆ ಮಾಡಲಾಯಿತು. ಇದೇ 'ಬಳ್ಳಾರಿ ಮಾದರಿ' ಎಂದು ಹೆಸರಾಯಿತು. 1996ರಲ್ಲಿ ಕೇಂದ್ರ ಸರ್ಕಾರ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರು ಮಾಡಿದ್ದು ಈ ಮಾದರಿಯ ಮೇಲೆಯೇ. ಇವತ್ತು ದೇಶದ ನೂರಾರು ಜಿಲ್ಲೆಗಳಲ್ಲಿ ಅದು ನಡೆಯುತ್ತಿದೆ.

ರಾಜ್ಯದಲ್ಲಿ ಇದರ ಜೊತೆಗೆ 'ಮನೋಚೈತನ್ಯ' ಕಾರ್ಯಕ್ರಮ ಇದೆ. ನಿಗದಿತ ಮಂಗಳವಾರ ತಾಲೂಕು ಆಸ್ಪತ್ರೆಗೆ ಮನೋವೈದ್ಯರು ಬಂದು ನೋಡುತ್ತಾರೆ. ನಿಮ್ಮ ತಾಲೂಕಿಗೆ ಯಾವ ಮಂಗಳವಾರ ಎಂಬುದನ್ನು ಆಸ್ಪತ್ರೆಯಲ್ಲೋ ಆಶಾ ಕಾರ್ಯಕರ್ತೆಯರ ಬಳಿಯೋ ಕೇಳಿ, ಅಂಗಡಿ ಗೋಡೆ ಮೇಲೆ ಬರೆದಿಟ್ಟರೆ ಅದೂ ಒಂದು ಸೇವೆ. ತುರ್ತು ಇದ್ದರೆ ಬಳ್ಳಾರಿಯ ವೈದ್ಯಕೀಯ ಕಾಲೇಜು ಆಸ್ಪತ್ರೆ, ಅಂದರೆ ಜನ ಇವತ್ತಿಗೂ ವಿಮ್ಸ್ ಎಂದೇ ಕರೆಯುವ ಆಸ್ಪತ್ರೆ ಇದೆ. ದೊಡ್ಡ ಸಂಸ್ಥೆಗಳೆಂದರೆ ಧಾರವಾಡದ ಡಿಮ್ಹಾನ್ಸ್, ಬೆಂಗಳೂರಿನ ನಿಮ್ಹಾನ್ಸ್.

ಅಂಗಡಿ ಮುಂದೆ ಒಬ್ಬರು ಕೂತಿದ್ದರೆ

ದಿನಾ ಬಾಗಿಲು ತೆಗೆಯುವ ಅಂಗಡಿಯವರೇ ಇವರನ್ನು ಮೊದಲು ನೋಡುವವರು. ಗಿರಾಕಿ ಹಿಂಜರಿಯುತ್ತಾರೆ, ವ್ಯಾಪಾರಕ್ಕೆ ತೊಂದರೆ ಎಂಬ ಕಷ್ಟವೂ ನಿಜವೇ. ನೀರು ಚೆಲ್ಲಿದರೆ ಅವರು ಪಕ್ಕದ ಅಂಗಡಿ ಮುಂದೆ ಹೋಗಿ ಕೂರುತ್ತಾರೆ ಅಷ್ಟೆ. ಬದಲಿಗೆ ಹೀಗೆ ಮಾಡಬಹುದು:

• ಎರಡು ಮಾರು ದೂರ ನಿಂತು, ಮೆಲ್ಲಗೆ "ಅಣ್ಣಾ, ಊಟ ಆಯ್ತಾ?", "ಅಮ್ಮಾ, ನೀರು ಬೇಕಾ?" ಎಂದು ಕೇಳಿ. ಹೆಸರು, ಊರು ಆಮೇಲೆ. ಕನ್ನಡಕ್ಕೆ ಉತ್ತರ ಬರದಿದ್ದರೆ ತೆಲುಗು, ಹಿಂದಿಯಲ್ಲಿ ಕೇಳಿ ನೋಡಿ.

• ಸುತ್ತ ಗುಂಪು ಸೇರಲು ಬಿಡಬೇಡಿ. ಹತ್ತು ಜನ ನಿಂತು ಮೊಬೈಲ್ ಹಿಡಿದರೆ ಯಾರಿಗಾದರೂ ಹೆದರಿಕೆ ಆಗುತ್ತದೆ.

• ಬೇಸಿಗೆಯಲ್ಲಿ ಮೊದಲು ನೀರು, ನೆರಳು. ಗಾಯ, ಜ್ವರ, ಪ್ರಜ್ಞೆ ತಪ್ಪಿದ್ದರೆ 108ಕ್ಕೆ ಕರೆ ಮಾಡಿ.

• 112ಕ್ಕೆ ಅಥವಾ ಠಾಣೆಗೆ ತಿಳಿಸಿ. "ಅಲೆಯುತ್ತಿರುವ, ಮಾನಸಿಕ ಕಾಯಿಲೆ ಇರುವಂತೆ ಕಾಣುವ ವ್ಯಕ್ತಿ, 100ನೇ ಕಲಂ ಪ್ರಕಾರ ರಕ್ಷಣೆ ಬೇಕು" ಎಂದೇ ಹೇಳಿ. ಕರೆ ಮಾಡಿದ ದಿನ, ಸಮಯ ಬರೆದಿಟ್ಟುಕೊಳ್ಳಿ.

• ಹೆಣ್ಣುಮಕ್ಕಳಾದರೆ 181, ಮಕ್ಕಳಾದರೆ 1098, ವೃದ್ಧರಾದರೆ 14567ಕ್ಕೂ ಕರೆ ಮಾಡಬಹುದು.

• ಅವರು ಹೇಳುವ ಊರಿನ ಹೆಸರು, ಕೈ ಮೇಲಿನ ಹಚ್ಚೆ, ಮಾತಾಡುವ ಭಾಷೆ ಗಮನಿಸಿ ಪೊಲೀಸರಿಗೆ ತಿಳಿಸಿ. ಮನೆಯವರ ಪತ್ತೆಗೆ ಇಂಥ ಸಣ್ಣ ವಿವರವೇ ಸುಳಿವು. ಆಧಾರ್ ಬೆರಳಚ್ಚಿನಿಂದ ಊರು ಸಿಕ್ಕ ಪ್ರಕರಣಗಳೂ ವರದಿಯಾಗಿವೆ.

ಹಾಗಾದರೆ ವಿಡಿಯೊ ಮಾಡಲೇಬಾರದಾ?

ಮಾಡಬಹುದು. ಊರಿನ ಕಾಲೇಜು ಹುಡುಗರು, ವರ್ತಕರ ಸಂಘ, ಯುವಕ ಸಂಘ ಎಲ್ಲರೂ ಮಾಡಬೇಕಾದ ಕೆಲಸವೇ. ಕೆಲವು ನಿಯಮ ಇಟ್ಟುಕೊಂಡರೆ ಸಾಕು.

ಮೊದಲನೆಯದು, ಬೀದಿಯಲ್ಲಿ ಕಾಯಿಲೆಯಿಂದ ಬಳಲುತ್ತಿರುವವರ ಮುಖ ಬೇಡ. ಆ ಸ್ಥಿತಿಯಲ್ಲಿ ಅವರು ತಲೆ ಆಡಿಸಿದರೂ ಅದು ಒಪ್ಪಿಗೆಯಲ್ಲ. ನಾಳೆ ಗುಣವಾಗಿ ಊರಿಗೆ ಹೋದ ಮೇಲೆ, ಮಗಳ ಮದುವೆ ಮಾತುಕತೆ ಹೊತ್ತಿಗೆ, ಕೆಲಸ ಕೇಳಲು ಹೋದಾಗ ಆ ವಿಡಿಯೊ ಯಾರದೋ ಮೊಬೈಲಿನಲ್ಲಿ ಇದ್ದೇ ಇರುತ್ತದೆ. ಮನೆಯವರ ಹುಡುಕಾಟಕ್ಕೆ ಫೋಟೊ ಬೇಕಿದ್ದರೆ ಒಂದು ತೆಗೆದು ಠಾಣೆಗೆ ಕೊಡಿ. ಹೊರಗೆ ಪ್ರಕಟಿಸಬೇಕೋ ಬೇಡವೋ ಅವರು ತೀರ್ಮಾನಿಸಲಿ.

ಎರಡನೆಯದು, ಚೇತರಿಸಿಕೊಂಡವರು ತಾವಾಗಿ ಮಾತಾಡಲು ಒಪ್ಪಿದರೆ ಅವರ ಮಾತೇ ವಿಡಿಯೊ. ಹಾಕುವ ಮುನ್ನ ಅವರಿಗೆ ತೋರಿಸಿ. ತೆಗೆಯಿರಿ ಎಂದಾಗ ತೆಗೆಯಬೇಕು. ಹಾಗೆ ಯಾರೂ ಸಿಗದಿದ್ದರೆ ಊರಿನ ಕಲಾವಿದರಿಂದ ಅಭಿನಯ ಮಾಡಿಸಿ.

ಮೂರನೆಯದು, ಒಂದು ವಿಡಿಯೊದಲ್ಲಿ ಒಂದೇ ವಿಷಯ. 60ರಿಂದ 90 ಸೆಕೆಂಡ್ ಸಾಕು. ಉದಾಹರಣೆಗೆ ಹೀಗೆ: ಅಂಗಡಿ ಮುಂದೆ ಒಬ್ಬರು ಕೂತಿದ್ದಾರೆ, ಮುಖ ಕಾಣುವುದಿಲ್ಲ. ಅಂಗಡಿಯವರು ನೀರಿನ ಬಾಟಲಿ ಇಟ್ಟು ಮಾತಾಡಿಸುತ್ತಾರೆ. ಠಾಣೆಗೆ ಫೋನ್ ಮಾಡುತ್ತಾರೆ. ಪೊಲೀಸರು ಬಂದು ಆಸ್ಪತ್ರೆಗೆ ಕರೆದೊಯ್ಯುತ್ತಾರೆ. ವೈದ್ಯರು ಒಂದು ಮಾತು ಹೇಳುತ್ತಾರೆ: "ಇದು ಕಾಯಿಲೆ, ಔಷಧಿ ಇದೆ." ಕೊನೆಗೆ ಫೋನ್ ನಂಬರು. ಇಷ್ಟೇ. ದುಃಖದ ಸಂಗೀತ ಬೇಡ.

ನಾಲ್ಕನೆಯದು, ನಂಬರು ಕೊನೆಯಲ್ಲಿ ಮಾತ್ರ ಬೇಡ, ವಿಡಿಯೊ ಉದ್ದಕ್ಕೂ ಮೇಲೊಂದು ಮೂಲೆಯಲ್ಲಿರಲಿ. ಕರಾಚಿ ವಿಡಿಯೊದ ಪಾಠ ಇದು. ಯಾರಾದರೂ ತುಂಡು ಮಾಡಿದರೂ ಇದು ಏತಕ್ಕಾಗಿ ಮಾಡಿದ ವಿಡಿಯೊ, ಎಲ್ಲಿ ಮಾಡಿದ್ದು ಎಂಬುದು ತಿಳಿಯಬೇಕು.

ಐದನೆಯದು, ಭಾಷೆ. 'ಹುಚ್ಚ', 'ಮೆಂಟಲ್' ಎಂಬ ಮಾತು ಬೇಡ. 'ಮಾನಸಿಕ ಕಾಯಿಲೆ ಇರುವವರು' ಎಂದರೆ ಎಲ್ಲರಿಗೂ ಅರ್ಥವಾಗುತ್ತದೆ. ಗಡಿ ಭಾಗದ ತಾಲೂಕುಗಳಲ್ಲಿ ತೆಲುಗಿನಲ್ಲೂ ಒಂದು, ಉರ್ದುವಿನಲ್ಲೂ ಒಂದು ಮಾಡಿದರೆ ಇನ್ನಷ್ಟು ಮನೆ ಮುಟ್ಟುತ್ತದೆ.

ಮನೆ ಸೇರಿದ ಮೇಲೂ ಕೆಲಸ ಇದೆ

ವರ್ಷಗಳ ನಂತರ ತಾಯಿ-ಮಗ ತಬ್ಬಿಕೊಳ್ಳುವ ದೃಶ್ಯಕ್ಕೆ ಲಕ್ಷಗಟ್ಟಲೆ ವೀಕ್ಷಣೆ ಬರುತ್ತದೆ. ಅದರ ಮುಂದಿನ ತಿಂಗಳನ್ನು ಯಾರೂ ಚಿತ್ರೀಕರಿಸುವುದಿಲ್ಲ. ಸ್ವಲ್ಪ ಚೆನ್ನಾದ ಕೂಡಲೇ ಮಾತ್ರೆ ನಿಲ್ಲಿಸುವುದು, "ಇನ್ನು ಯಾಕೆ ಗುಳಿಗೆ?" ಎನ್ನುವುದು, ಆಸ್ಪತ್ರೆ ದೂರ ಎಂದು ಬಿಡುವುದು, ಮದುವೆ ಮಾಡಿದರೆ ಸರಿಹೋಗುತ್ತದೆ ಎಂದುಕೊಳ್ಳುವುದು, ಹೀಗೆ ಕಾಯಿಲೆ ಮರುಕಳಿಸಿ ಮತ್ತೆ ಮನೆ ಬಿಡುವವರು ಇದ್ದಾರೆ. ಔಷಧಿ ನಿಲ್ಲಿಸುವುದು, ಕಡಿಮೆ ಮಾಡುವುದು ವೈದ್ಯರ ತೀರ್ಮಾನ. ತಾಲೂಕು ಆಸ್ಪತ್ರೆಯಲ್ಲೇ ಔಷಧಿ ಮುಂದುವರಿಸಲು ದಾರಿ ಇದೆ. ಮಾನಸಿಕ ಕಾಯಿಲೆ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಸೇರಿರುವುದರಿಂದ, ಅರ್ಹರು ಯುಡಿಐಡಿ ಕಾರ್ಡಿಗೂ ಅರ್ಜಿ ಹಾಕಬಹುದು. ಊರಿನವರ ವಿಡಿಯೊಗಳಲ್ಲಿ ಈ ವಿಷಯವೂ ಬರಬೇಕು.

ಮನೆಯಲ್ಲೇ ಒಬ್ಬರಿಗೆ ನಿದ್ದೆ ಕೆಟ್ಟು, ಯಾರೋ ಮಾತಾಡಿಸಿದಂತೆ ಆಗುತ್ತಿದ್ದರೆ, ವಿನಾಕಾರಣ ಎಲ್ಲರ ಮೇಲೂ ಅನುಮಾನ ಬರುತ್ತಿದ್ದರೆ ಅಲ್ಲೇ ಚಿಕಿತ್ಸೆ ಶುರುವಾಗಬೇಕು. ಬೀದಿಗೆ ಬರುವುದನ್ನು ತಡೆಯುವ ಸುಲಭ ಹಂತ ಅದೇ. ಇದಕ್ಕಾಗಿ ಟೆಲಿ-ಮಾನಸ್ ಸಹಾಯವಾಣಿ ಇದೆ. 2022ರ ಅಕ್ಟೋಬರ್ 10ರಿಂದ ನಡೆಯುತ್ತಿರುವ ಈ ಸೇವೆಗೆ ದಿನದ 24 ಗಂಟೆಯೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ಮನೆಯವರಾರಾದರೂ ಕಾಣೆಯಾದರೆ ಮರ್ಯಾದೆಗೆ ಅಂಜಿ ಕಾಯದೆ ಅದೇ ದಿನ ಠಾಣೆಗೆ ದೂರು ಕೊಡಬೇಕು. ದೂರು ಇದ್ದರೆ ಮಾತ್ರ ಇನ್ನೊಂದು ಊರಿನಲ್ಲಿ ಸಿಕ್ಕವರ ವಿವರ ಅದಕ್ಕೆ ತಾಳೆಯಾಗುತ್ತದೆ.

ಕತ್ತರಿಸಿ ಗಲ್ಲಾಪೆಟ್ಟಿಗೆ ಪಕ್ಕ ಅಂಟಿಸಿಕೊಳ್ಳಿ:
ಟೆಲಿ-ಮಾನಸ್ – 14416
ಪೊಲೀಸ್, ತುರ್ತು – 112
ಆಂಬುಲೆನ್ಸ್ – 108
ಮಹಿಳಾ ಸಹಾಯವಾಣಿ – 181
ಮಕ್ಕಳ ಸಹಾಯವಾಣಿ – 1098
ಹಿರಿಯ ನಾಗರಿಕರ ಸಹಾಯವಾಣಿ – 14567